ಜ್ವರದ ಐದನೇ ದಿನ ಎದ್ದ ದದ್ದು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ತೋಟದಲ್ಲಿ ಕಳೆ ಕಿತ್ತು ಬಂದ ಹತ್ತು ದಿನಕ್ಕೆ ನಮ್ಮ ಯಜಮಾನರಿಗೆ ಚಳಿಜ್ವರ, ತಲೆನೋವು, ಮೈಕೈ ನೋವು. ಫ್ಲೂ ಇರಬೇಕೆಂದು ಸುಮ್ಮನಿದ್ದೆವು. ಮೂರನೇ ದಿನ ಅಮಾಕ್ಸಿಸಿಲಿನ್ ಶುರು ಮಾಡಿದರು. ಐದನೇ ದಿನ ಎದೆ, ಹೊಟ್ಟೆ ಮೇಲೆ ಕೆಂಪು ದದ್ದು. ಡೆಂಗಿ ಪರೀಕ್ಷೆ ನೆಗೆಟಿವ್. ಮಾತ್ರೆಯ ಅಲರ್ಜಿಯೇ?"

ಇರಬಹುದು. ಆದರೆ ಹೊಸದಾಗಿ ನುಂಗಿದ ಮಾತ್ರೆಯ ದದ್ದು ಸಾಮಾನ್ಯವಾಗಿ 4ರಿಂದ 14 ದಿನಗಳ ನಡುವೆ, ತುರಿಕೆಯ ಜೊತೆ ಏಳುತ್ತದೆ. ಇಲ್ಲಿ ಎರಡೇ ದಿನ. ನಿಮ್ಮ ಪತ್ರದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು "ಕಳೆ ಕಿತ್ತ ಹತ್ತು ದಿನ" ಎಂಬ ಮಾತು. ಸ್ಕ್ರಬ್ ಟೈಫಸ್ (ಹೀಗೇ ಜ್ವರ, ದದ್ದು ಬರುವ ಸೋಂಕು) ತರುವ ನುಸಿಮರಿ ಇರುವುದೇ ಹುಲ್ಲು, ಪೊದೆಗಳಲ್ಲಿ. ಕಚ್ಚಿದ 6ರಿಂದ 21 ದಿನಕ್ಕೆ ಜ್ವರ. ಕಚ್ಚಿದಲ್ಲಿ ಬೀಡಿ ತಾಗಿ ಸುಟ್ಟಂಥ ಕಪ್ಪು ಹಕ್ಕಳೆ ಕಟ್ಟುತ್ತದೆ. ನೋಯುವುದಿಲ್ಲವಾದ್ದರಿಂದ ರೋಗಿಗೇ ಗೊತ್ತಿರುವುದಿಲ್ಲ. ಕಂಕುಳು, ತೊಡೆಸಂದು, ಉಡಿದಾರದ ಕೆಳಗೆ, ಕಿವಿಯ ಹಿಂದೆ ಟಾರ್ಚ್ ಹಿಡಿದು ನೋಡಿ. ಸಿಗಲಿಲ್ಲವೆಂದರೆ ರೋಗ ಇಲ್ಲವೆಂದಲ್ಲ.

ಈ ರೋಗಾಣು ನಮ್ಮ ಜೀವಕೋಶದೊಳಗೇ ಅಡಗಿ ಬೆಳೆಯುತ್ತದೆ. ಅಮಾಕ್ಸಿಸಿಲಿನ್ ಅದಕ್ಕೆ ನಾಟದು. ವೈದ್ಯರು ವಯಸ್ಕರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಸಲ, 7 ದಿನ ಕೊಡುತ್ತಾರೆ. ಬಹುತೇಕರಿಗೆ ಎರಡು ದಿನದಲ್ಲೇ ಜ್ವರ ಇಳಿಯುತ್ತದೆ. ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಐಜಿಎಂ ಪರೀಕ್ಷೆ ಮೊದಲ ವಾರ ಎಷ್ಟೋ ಸಲ ನೆಗೆಟಿವ್ ಬರುವುದರಿಂದ, ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಔಷಧಿ ಶುರು ಮಾಡುತ್ತಾರೆ. ತಡವಾದರೆ ಶ್ವಾಸಕೋಶ, ಕಿಡ್ನಿ, ಮಿದುಳಿಗೆ ಪೆಟ್ಟು.

ಡೆಂಗಿಯನ್ನೂ ಇಷ್ಟಕ್ಕೇ ಕೈಬಿಡಬೇಡಿ. ರಕ್ತದಲ್ಲಿ ಡೆಂಗಿ ವೈರಸ್ಸಿನ ಅಂಶ ಹುಡುಕುವ ಎನ್‌ಎಸ್‌1 ಪರೀಕ್ಷೆ ರೋಗ ಹಿಡಿಯುವುದು ಮೊದಲ 5 ದಿನ. ಆಮೇಲೆ ಡೆಂಗಿಯ ಐಜಿಎಂ ಮಾಡಿಸಬೇಕು. ಜ್ವರ ಬಿಟ್ಟಿತೆಂದು ನಿರಾಳವಾಗುವ ಹೊತ್ತೇ ಅಪಾಯದ ಹೊತ್ತು: ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಅಡ್ಮಿಟ್ ಮಾಡಿಸಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಡೈಕ್ಲೋಫೆನಾಕ್ ಇಂಜೆಕ್ಷನ್ ಅಂತೂ ಬೇಡವೇ ಬೇಡ.

ಕೀಲು ಹಿಡಿದು ಏಳಲಾಗದಿದ್ದರೆ ಚಿಕುನ್‌ಗುನ್ಯ. ಕೆಮ್ಮು, ಕೆಂಗಣ್ಣಿನ ಜೊತೆ ದದ್ದು ಮುಖದಿಂದ ಕೆಳಗಿಳಿದರೆ ದಡಾರ. ಮಂಗನ ಕಾಯಿಲೆಯಲ್ಲಿ ಮೈಮೇಲೆ ದದ್ದು ಅಪರೂಪ. ಆದರೂ ಕಾಡಿಗೆ ಹೋಗಿದ್ದರೆ, ಉಣುಗು ಕಚ್ಚಿದ್ದರೆ ಹೇಳಿ.

ದದ್ದಿನ ಮೇಲೆ ಗಾಜಿನ ಲೋಟ ಒತ್ತಿ ನೋಡಿ: ಒತ್ತಿದರೂ ಮಾಸದ ಚುಕ್ಕೆ ಎಂದರೆ ಚರ್ಮದಡಿ ರಕ್ತ ಸೋರಿದೆ. ಆಗ, ಅಥವಾ ಬಾಯಿ, ಕಣ್ಣು ಹುಣ್ಣಾದರೆ, ಬೆಳಗಾಗಲಿ ಎನ್ನಬೇಡಿ. ಇಲ್ಲದಿದ್ದರೂ ನಾಳೆಯೊಳಗೆ ತೋರಿಸಿ. ಜ್ವರ ಬಂದ ತಾರೀಖು, ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ ಒಯ್ಯಿರಿ. ತೋಟದ ಕೆಲಸದ ವಿಷಯ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.