ಉಗ್ಗು ಇರುವವರು ಕೆಲಸದ ಇಂಟರ್ವ್ಯೂ ಹೇಗೆ ಎದುರಿಸಬೇಕು?

ಕೂತ ಕೂಡಲೇ ಹೇಳಿಬಿಡಿ: "ಸರ್, ನನಗೆ ಉಗ್ಗು ಇದೆ. ಸ್ವಲ್ಪ ತಡವಾದರೂ ಪೂರ್ತಿ ಉತ್ತರ ಕೊಡುತ್ತೇನೆ." ಮುಚ್ಚಿಡಲು ಹೋದಷ್ಟೂ ಗಂಟಲು ಬಿಗಿಯುತ್ತದೆ.

ನನಗೂ ಉಗ್ಗು ಇದೆ. ಒಂದು ಇಂಟರ್ವ್ಯೂನಲ್ಲಿ ಯಾವ ಊರು ಅಂತ ಕೇಳಿದರು. 'ದಾವಣಗೆರೆ' ಅನ್ನಲು ಹೋಗಿ 'ದಾ'ದಲ್ಲೇ ನಾಲಿಗೆ ಹಲ್ಲಿಗೆ ಅಂಟಿ ನಿಂತಿತು. ಬೇರೆ ಮಾತಾದರೆ ಪದ ಬದಲಿಸಬಹುದು. ಊರಿಗೆ, ನಮ್ಮ ಹೆಸರಿಗೆ ಬದಲಿ ಪದ ಎಲ್ಲಿದೆ? ಅದಕ್ಕೇ ಅವು ಜಾಸ್ತಿ ಕಷ್ಟ. ಹಾಗೆ ಸಿಕ್ಕಿಕೊಂಡಾಗ ಒತ್ತಬೇಡಿ. ನಿಲ್ಲಿಸಿ, ಉಸಿರು ಬಿಡಿ, ನಾಲಿಗೆಯನ್ನು ಹಗುರವಾಗಿ ತಾಗಿಸಿ ಮತ್ತೆ ಶುರು ಮಾಡಿ.

ಅಭ್ಯಾಸಕ್ಕೆ ಎದುರಿಗೆ ಅಕ್ಕನೋ ಗೆಳೆಯರೋ ಕೂತಿರಲಿ. ಒಬ್ಬರೇ ಇದ್ದಾಗ ಉಗ್ಗು ಬರುವುದೇ ಕಡಿಮೆ ಅಲ್ವಾ? ಥೆರಪಿ ಬೇಕಿದ್ದರೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.