ಮೂನ್‌ಕೇಕ್ ಡಬ್ಬಿ ಬಂದಿದೆ, ಜಪಾನಿ ಊಟಕ್ಕೂ ಕರೆದಿದ್ದಾರೆ, ಏನು ಮಾಡಲಿ ಅಂತ ಕೇಳಿದವರಿಗೆ

ನಮಸ್ಕಾರ. ಸಿಂಗಪುರಕ್ಕೆ ಬಂದು ಎರಡು ತಿಂಗಳಾಯಿತು ಅಂದಿದ್ದೀರಿ. ಆಫೀಸಿನಲ್ಲಿ ಮೂನ್‌ಕೇಕ್ ಡಬ್ಬಿ ಕೊಟ್ಟಿದ್ದಾರೆ, ಒಳಗೆ ಏನೇನು ಹಾಕಿರುತ್ತಾರೋ ಗೊತ್ತಿಲ್ಲ ಅಂತ ಬಿಚ್ಚದೆ ಇಟ್ಟಿದ್ದೀರಿ. ಮುಂದಿನ ವಾರ ಟೀಮಿನವರೆಲ್ಲ ಜಪಾನಿ ರೆಸ್ಟೋರೆಂಟಿಗೆ ಹೋಗುತ್ತಿದ್ದಾರೆ. ನಿಮಗೆ ಮೊಟ್ಟೆ ಪರವಾಗಿಲ್ಲ, ಮೀನು ಮಾಂಸ ಬೇಡ, ಹಾಗಾಗಿ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಲಾ ಅಂತ ಕೇಳಿದ್ದೀರಿ.

ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಆಫೀಸು ಬಿಟ್ಟರೆ ಮನೆ, ಮಾತಾಡೋಕೆ ಯಾರೂ ಇಲ್ಲ ಅಂತಲೂ ಬರೆದಿದ್ದೀರಿ ಅಲ್ವಾ, ಅದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಇಲ್ಲಿ ಜನ ಒಬ್ಬರನ್ನೊಬ್ಬರು ಮನೆಗೆ ಕರೆಯುವುದು ಕಡಿಮೆ. ಮನೆಗಳು ಚಿಕ್ಕವು, ಕೆಲಸ ಜಾಸ್ತಿ. ಸ್ನೇಹ ಅನ್ನುವುದೆಲ್ಲ ಹೊರಗೆ, ಊಟದ ಮೇಜಿನ ಸುತ್ತಲೇ ಬೆಳೆಯುತ್ತದೆ. ನಾನು ಇಲ್ಲಿ ಸಂಪಾದಿಸಿದ ಸ್ನೇಹಿತರೆಲ್ಲ ಹೀಗೇ ಸಿಕ್ಕವರು. ನಾನೂ ನಿಮ್ಮ ಹಾಗೇ, ಮೊಟ್ಟೆ ತಿನ್ನುತ್ತೇನೆ, ಮೀನು ಮಾಂಸ ಮುಟ್ಟುವುದಿಲ್ಲ.

ಮೊದಲು ಡಬ್ಬಿಯ ವಿಷಯ. ಮೂನ್‌ಕೇಕ್ ಅಂದರೆ ಚೀನೀಯರ ಮಧ್ಯ ಶರತ್ಕಾಲದ ಹಬ್ಬಕ್ಕೆ ಹಂಚುವ, ಹೂರಣ ತುಂಬಿದ ಸಿಹಿ. ಚೀನೀ ಪಂಚಾಂಗದ ಎಂಟನೇ ತಿಂಗಳ ಹುಣ್ಣಿಮೆಗೆ ಈ ಹಬ್ಬ. 2023ರಲ್ಲಿ ಸೆಪ್ಟೆಂಬರ್ 29ಕ್ಕೆ ಬಂತು, 2024ರಲ್ಲಿ ಸೆಪ್ಟೆಂಬರ್ 17ಕ್ಕೆ, 2026ರಲ್ಲಿ ಸೆಪ್ಟೆಂಬರ್ 25ಕ್ಕೆ. ಲೆಕ್ಕ ಹಾಕಿ ನೋಡಿ, ನಮ್ಮ ಗಣೇಶನ ಹಬ್ಬ ಕಳೆದು ಹತ್ತು ಹನ್ನೊಂದು ದಿನಕ್ಕೆ, ಅಂದರೆ ಭಾದ್ರಪದದ ಹುಣ್ಣಿಮೆಯ ಹೊತ್ತಿಗೆ. 2025ರಲ್ಲಿ ಮಾತ್ರ ಅವರಿಗೆ ಅಧಿಕ ಮಾಸ ಬಂದಿದ್ದರಿಂದ ಅಕ್ಟೋಬರ್ 6ಕ್ಕೆ ಹೋಯಿತು. ನಮ್ಮ ಮಲೆನಾಡಿನ ಭೂಮಿ ಹುಣ್ಣಿಮೆಯೂ ಅದೇ ಹೊತ್ತಿಗೆ ಇತ್ತು. ಇಲ್ಲಿ ಇದಕ್ಕೆ ಸರಕಾರಿ ರಜೆ ಇಲ್ಲ. ಆದರೂ ಆ ಸಂಜೆ ಚೀನೀ ಸಹೋದ್ಯೋಗಿಗಳು ಬೇಗ ಎದ್ದು ಹೊರಟರೆ ಅಪ್ಪ ಅಮ್ಮನ ಮನೆ ಊಟಕ್ಕೆ ಅಂತ ತಿಳಿದುಕೊಳ್ಳಿ, ಐದು ಗಂಟೆಗೆ ಮೀಟಿಂಗ್ ಇಡಬೇಡಿ.

ಡಬ್ಬಿಯಲ್ಲಿ ಇರುವುದು ಹೆಚ್ಚಾಗಿ ಮೂರು ಬಗೆ. ಮೊದಲೆರಡಕ್ಕೆ ದಕ್ಷಿಣ ಚೀನಾದ ಎರಡು ಸಮುದಾಯಗಳ ಹೆಸರು. ಕಂದು ಬಣ್ಣಕ್ಕೆ ಬೇಯಿಸಿದ, ಮೇಲೆ ಅಕ್ಷರ, ಹೂವು ಅಚ್ಚೊತ್ತಿರುವುದು ಕ್ಯಾಂಟನೀಸ್ ಬಗೆ. ಪದರ ಪದರ ಬಿಚ್ಚಿಕೊಳ್ಳುವ, ಒಳಗೆ ಕೆಸುವಿನ ಗೆಡ್ಡೆಯ ಸಿಹಿ ಹೂರಣ ಇರುವುದು ಟಿಯೊಚ್ಯೂ ಬಗೆ. ಬಿಳಿ, ಹಸಿರು, ಗುಲಾಬಿ ಬಣ್ಣದ್ದಾಗಿದ್ದು ಮುಟ್ಟಿದರೆ ತಣ್ಣಗೆ ಮೆತ್ತಗೆ ಇದ್ದರೆ ಅದು ಸ್ನೋಸ್ಕಿನ್. ಅಂಟು ಅಕ್ಕಿ ಹಿಟ್ಟಿನದು, ಒಲೆಗೆ ಇಟ್ಟು ಸುಡುವುದಿಲ್ಲ, ಫ್ರಿಜ್‌ನಲ್ಲೇ ಇಡಬೇಕು. ನಿಮ್ಮದು ಸ್ನೋಸ್ಕಿನ್ ಆಗಿದ್ದು ಇಷ್ಟು ದಿನ ಮೇಜಿನ ಮೇಲೇ ಇದ್ದರೆ ಅದನ್ನು ಬಿಟ್ಟುಬಿಡಿ. ಬೇಯಿಸಿದ್ದಾದರೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ, ಡಬ್ಬಿಯ ಮೇಲಿನ ತಾರೀಖು ಮಾತ್ರ ನೋಡಿ.

ನನಗೆ ಇಷ್ಟವಾದದ್ದು ಕ್ಯಾಂಟನೀಸ್ ಬಗೆಯದೇ, ಅದರಲ್ಲೂ ತಾವರೆ ಬೀಜದ ಹೂರಣದ್ದು. ಅದರ ಕೆಲಸ ಸುಲಭದ್ದಲ್ಲ. ಒಣಗಿದ ತಾವರೆ ಬೀಜ ನೆನೆಸಬೇಕು, ಸಿಪ್ಪೆ ತೆಗೆಯಬೇಕು, ನಡುವೆ ಇರುವ ಹಸಿರು ಮೊಳಕೆಯನ್ನು ಒಂದೊಂದಾಗಿ ಕಿತ್ತು ಹಾಕಬೇಕು, ಯಾಕೆಂದರೆ ಅದು ಕಹಿ. ಆಮೇಲೆ ಬೇಯಿಸಿ, ರುಬ್ಬಿ, ಸಕ್ಕರೆ ಎಣ್ಣೆ ಹಾಕಿ ತಳ ಬಿಡುವ ತನಕ ಮಗುಚುತ್ತಲೇ ಇರಬೇಕು. ನಮ್ಮ ಹೋಳಿಗೆಯ ಹೂರಣ ಮಗುಚಿದ ಕೈಗೆ ಈ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ಇನ್ನು ಕಣಕ. ಮೈದಾಕ್ಕೆ ಸಕ್ಕರೆ ಪಾಕ, ಎಣ್ಣೆ, ಸ್ವಲ್ಪ ಕ್ಷಾರದ ನೀರು ಸೇರಿಸುತ್ತಾರೆ. ಆ ಕ್ಷಾರದಿಂದಲೇ ಮೇಲೆ ಅಷ್ಟು ಒಳ್ಳೆ ಕಂದು ಬಣ್ಣ ಬರುವುದು. ಒಲೆಯಿಂದ ತೆಗೆದ ದಿನ ಅದು ಗಟ್ಟಿಯಾಗಿ, ಒಣಗಿದ ಹಾಗೆ ಇರುತ್ತದೆ. ಎರಡು ಮೂರು ದಿನ ಮುಚ್ಚಿಟ್ಟರೆ ಹೂರಣದ ಎಣ್ಣೆ ಮೇಲಿನ ಪದರಕ್ಕೆ ಇಳಿದು ಮೆತ್ತಗಾಗುತ್ತದೆ, ಹೊಳಪು ಬರುತ್ತದೆ. ಅಲ್ಲಿಯ ತನಕ ಬಲ್ಲವರು ಯಾರೂ ಅದಕ್ಕೆ ಚಾಕು ಹಾಕುವುದಿಲ್ಲ.

ಕತ್ತರಿಸಿದಾಗ ನಡುವೆ ಕಿತ್ತಳೆ ಬಣ್ಣದ ಗುಂಡು ಕಾಣಿಸಿದರೆ ಗಾಬರಿ ಬೇಡ. ಅದು ಬಾತುಕೋಳಿ ಮೊಟ್ಟೆಯ ಹಳದಿ, ವಾರಗಟ್ಟಲೆ ಉಪ್ಪಿನಲ್ಲಿ ಇಟ್ಟಿದ್ದು, ಹುಣ್ಣಿಮೆ ಚಂದ್ರನ ಗುರುತು. ಸಿಹಿ ಹೂರಣದ ಜೊತೆ ಆ ಉಪ್ಪು ಬಾಯಿಗೆ ಸಿಕ್ಕಾಗ ಮೊದಲು ವಿಚಿತ್ರ ಅನಿಸುತ್ತದೆ. ಎರಡನೇ ತುಂಡಿಗೆ ಅದಿಲ್ಲದೆ ಬರೀ ಸಿಹಿ ಸಪ್ಪೆ ಅನಿಸೋಕೆ ಶುರುವಾಗುತ್ತದೆ. ಹಳದಿ ಇಲ್ಲದ್ದೂ ಸಿಗುತ್ತದೆ.

ನೀವು ನೋಡಬೇಕಾದದ್ದು ಕೊಬ್ಬು. ಹಳೇ ಕ್ರಮದಲ್ಲಿ ಹಂದಿ ಕೊಬ್ಬು ಹಾಕುತ್ತಿದ್ದರು, ಟಿಯೊಚ್ಯೂ ಬಗೆಗೆ ಈಗಲೂ ಕೆಲವರು ಹಾಕುತ್ತಾರೆ. ಐದು ಬೀಜದ್ದು ಅಂತ ಒಂದು ಬರುತ್ತದೆ, ಬಾದಾಮಿ, ಅಕ್ರೋಟ, ಕಲ್ಲಂಗಡಿ ಬೀಜ, ಎಳ್ಳು ಎಲ್ಲ ಇರುತ್ತದೆ, ಹೆಸರು ಕೇಳಿದರೆ ನಮ್ಮದೇ ಉಂಡೆ ಅನಿಸುತ್ತದೆ, ಆದರೆ ಅದರಲ್ಲಿ ಹ್ಯಾಮ್ ಸೇರಿಸುವ ಪದ್ಧತಿ ಇದೆ. ಅದನ್ನು ಪಟ್ಟಿ ಓದದೆ ಬಾಯಿಗೆ ಹಾಕಬೇಡಿ. ಡಬ್ಬಿಯ ಮೇಲೆ ಹಲಾಲ್ ಗುರುತು ಇದ್ದರೆ ಹಂದಿ ಕೊಬ್ಬು ಇಲ್ಲ ಅಂತ ಗ್ಯಾರಂಟಿ, ಆದರೆ ಸಸ್ಯಾಹಾರಿ ಅಂತಲ್ಲ. ಸ್ನೋಸ್ಕಿನ್‌ನಲ್ಲಿ ಜೆಲಟಿನ್ ಇದೆಯಾ ಅಂತಲೂ ನೋಡಿ, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುವುದು. ಡುರಿಯನ್ ಹಣ್ಣಿನ ಸ್ನೋಸ್ಕಿನ್ ಇಲ್ಲಿ ತುಂಬಾ ಜನಕ್ಕೆ ಪ್ರಾಣ. ಈ ಹಣ್ಣಿನ ವಾಸನೆ ಎಷ್ಟು ಜೋರು ಅಂದರೆ ಎಂಆರ್‌ಟಿ ರೈಲಿನಲ್ಲಿ ತೆಗೆದುಕೊಂಡು ಹೋಗುವುದಕ್ಕೇ ನಿಷೇಧ. ಹಲಸಿನ ಹಣ್ಣು ಇಷ್ಟಪಡುವವರಾದರೆ ಧೈರ್ಯ ಮಾಡಿ ರುಚಿ ನೋಡಿ.

ಈಗ ಮುಖ್ಯವಾದ ಮಾತು. ಮೂನ್‌ಕೇಕ್ ಒಬ್ಬರೇ ಕೂತು ಪೂರ್ತಿ ತಿನ್ನುವ ತಿಂಡಿ ಅಲ್ಲ. ಬೇಯಿಸಿದ ದೊಡ್ಡದಾದರೆ ಒಂದರಲ್ಲೇ 800ರಿಂದ 1000 ಕ್ಯಾಲೊರಿ ತನಕ ಇರಬಹುದು. ಎಂಟು ತುಂಡು ಮಾಡಿ, ಸಕ್ಕರೆ ಹಾಕದ ಚೀನೀ ಚಹಾ ಜೊತೆ ಒಂದೊಂದೇ ತುಂಡು ತಿನ್ನಬೇಕು. ಅದಕ್ಕೇ ಹೇಳುತ್ತಿದ್ದೇನೆ, ನಾಳೆ ಆ ಡಬ್ಬಿಯನ್ನು ಆಫೀಸಿನ ಪ್ಯಾಂಟ್ರಿಗೆ ತೆಗೆದುಕೊಂಡು ಹೋಗಿ. ಮಧ್ಯಾಹ್ನ ಮೂರರ ಹೊತ್ತಿಗೆ ಬಿಚ್ಚಿ, ಪಕ್ಕದವರನ್ನು ಕರೆದು, ಇದನ್ನು ಹೇಗೆ ಕತ್ತರಿಸೋದು ಅಂತ ಕೇಳಿ. ಅಷ್ಟು ಸಾಕು. ಒಬ್ಬರು ಚಾಕು ತರುತ್ತಾರೆ, ಇನ್ನೊಬ್ಬರು ಚಹಾ ಮಾಡುತ್ತಾರೆ, ಮೂರನೆಯವರು ನಮ್ಮ ಅಜ್ಜಿ ಮನೆಯಲ್ಲಿ ಮಾಡುತ್ತಿದ್ದರು ಅಂತ ಶುರು ಮಾಡುತ್ತಾರೆ. ಚಂದ್ರನಿಗೆ ಹಾರಿಹೋದ ಚಾಂಗ್‌ಎ ಕಥೆ, ಅಲ್ಲಿ ಔಷಧಿ ಕುಟ್ಟುವ ಮೊಲದ ಕಥೆ ಹೇಳುತ್ತಾರೆ. ನಮ್ಮಲ್ಲೂ ಚಂದ್ರನಲ್ಲಿ ಮೊಲ ಇದೆ ಅಂತ ನೀವು ಹೇಳಿ, ಅವರಿಗೆ ಎಷ್ಟು ಖುಷಿಯಾಗುತ್ತದೆ ನೋಡಿ.

ಕೊಳ್ಳುವ ಮನಸ್ಸಾದರೆ ಆರ್ಚರ್ಡ್ ರಸ್ತೆಯ ತಕಾಶಿಮಾಯಾಕ್ಕೆ ಹೋಗಿ. ಹಬ್ಬಕ್ಕೆ ಮುಂಚೆ ಅಲ್ಲಿ ಮೂನ್‌ಕೇಕ್ ಸಂತೆಯೇ ನಡೆಯುತ್ತದೆ, ರುಚಿ ನೋಡೋಕೆ ಸಣ್ಣ ಸಣ್ಣ ತುಂಡು ಕೊಡುತ್ತಾರೆ. ದೊಡ್ಡ ಹೋಟೆಲ್‌ಗಳ ನಾಲ್ಕರ ಡಬ್ಬಿಗೆ 80 ಡಾಲರ್ ಆಸುಪಾಸು ಆಗುತ್ತದೆ, ಮೊದಲೇ ಬುಕ್ ಮಾಡಿದರೆ ರಿಯಾಯಿತಿ ಇರುತ್ತದೆ. ಅದರಲ್ಲಿ ಅರ್ಧ ಬೆಲೆ ಡಬ್ಬಿಯ ಅಂದಕ್ಕೇ ಅಂತ ನನ್ನ ಅನಿಸಿಕೆ. ನಾನಂತೂ ಚೈನಾಟೌನ್‌ನ ಸಾಗೋ ಸ್ಟ್ರೀಟ್‌ನಲ್ಲಿರುವ ತಾಯ್ ಚೊಂಗ್ ಕೊಕ್ ಅಂಗಡಿಗೆ ಹೋಗುತ್ತೇನೆ. 1935ರ ಅಂಗಡಿ, ಬಿಡಿಯಾಗಿಯೂ ಕೊಡುತ್ತಾರೆ. ಹೋದಾಗ ಸುಮ್ನೆ ಕತ್ತಲಾಗುವ ತನಕ ಅಲ್ಲೇ ಇರಿ, ರಸ್ತೆ ಉದ್ದಕ್ಕೂ ದೀಪದ ಗೂಡುಗಳನ್ನು ಕಟ್ಟಿರುತ್ತಾರೆ.

ಇನ್ನು ಜಪಾನಿ ಊಟ. ನಿಮ್ಮ ಭಯ ಹಸಿ ಮೀನು ಅಲ್ವಾ? ಹಸಿ ಮೀನು ಕಣ್ಣಿಗೆ ಕಾಣುತ್ತದೆ, ತಟ್ಟೆ ಪಕ್ಕಕ್ಕೆ ಸರಿಸಬಹುದು. ಕಾಣದೇ ಇರುವುದು ಡಾಶಿ. ಜಪಾನಿ ಅಡುಗೆಯ ಬುನಾದಿ ಸಾರು ಅದು, ಸಾಮಾನ್ಯವಾಗಿ ಕೊಂಬು ಅನ್ನುವ ಕಡಲ ಪಾಚಿ ಮತ್ತು ಒಣಗಿಸಿ ಹೊಗೆ ಹಾಕಿದ ಬೊನಿಟೊ ಮೀನಿನ ಎಸಳು ಹಾಕಿ ಮಾಡುತ್ತಾರೆ. ಮಿಸೋ, ಅಂದರೆ ಹುದುಗಿಸಿದ ಸೋಯಾ ಅವರೆಯ ಮುದ್ದೆ, ಅದರ ಸೂಪಿನಲ್ಲಿ ಇದೆ. ಟೆಂಪುರಾ, ಅಂದರೆ ನಮ್ಮ ಬಜ್ಜಿಯ ಹಾಗೆ ಹಿಟ್ಟಿನಲ್ಲಿ ಅದ್ದಿ ಕರಿದದ್ದು, ಅದನ್ನು ಅದ್ದಿಕೊಳ್ಳುವ ಸಾಸಿನಲ್ಲಿ ಇದೆ. ಕರಿದ ತೋಫು, ಅಗೆಡಾಶಿ, ಅದನ್ನು ಇಡುವುದೇ ಇದರಲ್ಲಿ. ಚವನ್‌ಮುಶಿ ಅನ್ನುವ ಮೊಟ್ಟೆಯ ಹಬೆ ತಿನಿಸಿನಲ್ಲೂ ಇದೆ. ಮೆನುವಿನಲ್ಲಿ ತರಕಾರಿ ಅಂತ ಬರೆದಿದ್ದರೂ ಡಾಶಿ ಇರಬಹುದು. ಹಾಗಾಗಿ ಸಸ್ಯಾಹಾರಿ ಅಂತಷ್ಟೇ ಹೇಳಿದರೆ ಸಾಲದು, ಮೀನಿನ ಡಾಶಿ ಬೇಡ, ಮೇಲೆ ಬೊನಿಟೊ ಉದುರಿಸಬೇಡಿ ಅಂತ ಬಿಡಿಸಿ ಹೇಳಬೇಕು. ಬರೀ ಕೊಂಬು ಮತ್ತು ಶಿಟಾಕೆ ಅಣಬೆಯ ಡಾಶಿಯೂ ಉಂಟು, ಜಪಾನಿನ ಬೌದ್ಧ ಮಠಗಳ ಅಡುಗೆ ಅದರಲ್ಲೇ ನಡೆಯುತ್ತದೆ. 1908ರಲ್ಲಿ ಕಿಕುನಾಎ ಇಕೆಡಾ ಅನ್ನುವ ವಿಜ್ಞಾನಿ ಉಮಾಮಿ ರುಚಿಯನ್ನು ಗುರುತಿಸಿದ್ದೂ ಕೊಂಬು ಸಾರಿನಲ್ಲೇ. ಮೀನಿಲ್ಲದಿದ್ದರೆ ರುಚಿಯೇ ಇಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ.

ಹೋಗುವ ಎರಡು ಮೂರು ದಿನ ಮುಂಚೆ ರೆಸ್ಟೋರೆಂಟಿಗೆ ಫೋನ್ ಮಾಡಿ. ಬಾಣಸಿಗರೇ ಒಂದೊಂದಾಗಿ ಆರಿಸಿ ಕೊಡುವ ಒಮಕಾಸೆ ಊಟವಾದರೆ ಅಲ್ಲಿಗೆ ಹೋಗಿ ಕೂತ ಮೇಲೆ ಹೇಳುವುದು ತಡವಾಗುತ್ತದೆ, ಎಲ್ಲ ಮೊದಲೇ ಸಿದ್ಧವಾಗಿರುತ್ತದೆ. ಮೊದಲೇ ತಿಳಿಸಿದರೆ ಒಳ್ಳೆಯ ಬಾಣಸಿಗರು ತುಂಬಾ ಮನಸ್ಸಿಟ್ಟು ಮಾಡುತ್ತಾರೆ. ಇಲ್ಲಿನ ಜಪಾನಿ ರೆಸ್ಟೋರೆಂಟುಗಳ ಸೊಗಸೇ ಅದು, ಹಳೇ ಕಟ್ಟುಪಾಡಿಗೆ ಅಂಟಿಕೊಂಡು ಕೂತಿಲ್ಲ. ಹೀಗೆ ಹೇಳಿಟ್ಟು ಹೋದಾಗ ಒಮ್ಮೆ ನನಗೆ ಟೊಮೆಟೊದ ಸುಶಿ ಕೊಟ್ಟರು. ಸಿಪ್ಪೆ ಸುಲಿದು, ಬೀಜ ತೆಗೆದು, ಸೋಯಾ ಸಾಸಿನಲ್ಲಿ ನೆನೆಸಿಟ್ಟಿದ್ದರು. ವಿನಿಗರ್ ಹಾಕಿದ ಅನ್ನದ ಮೇಲೆ ಕೆಂಪಗೆ ಹೊಳೆಯುತ್ತಿತ್ತು, ಎದುರಿಗೆ ಕೂತವರ ತಟ್ಟೆಯ ಟ್ಯೂನಾ ಯಾವುದು, ನನ್ನ ಟೊಮೆಟೊ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಇಡೀ ಮೇಜಿನವರು ನನಗೂ ಅದೇ ಬೇಕು ಅಂತ ತರಿಸಿಕೊಂಡರು. ಬೆಣ್ಣೆಹಣ್ಣಿನ ಹೋಳಿನ ಮೇಲೆ ಮಿಸೋ ಬಳಿದು ಸಣ್ಣ ಗ್ಯಾಸ್ ಬೆಂಕಿಯಲ್ಲಿ ಸುಟ್ಟು ಕೊಡುತ್ತಾರೆ, ಅದೂ ಚೆನ್ನಾಗಿರುತ್ತದೆ.

ಏನೂ ತೋಚದಿದ್ದರೆ ನಸು ದೆಂಗಾಕು ಹೇಳಿ. ಬದನೆಕಾಯಿ ಉದ್ದಕ್ಕೆ ಸೀಳಿ, ತಿರುಳಿಗೆ ಅಡ್ಡ ಉದ್ದ ಗೀರು ಹಾಕಿ, ಮೆತ್ತಗಾಗುವ ತನಕ ಎಣ್ಣೆಯಲ್ಲಿ ಬೇಯಿಸಿ, ಮೇಲೆ ಸಿಹಿ ಮಿಸೋ ದಪ್ಪಗೆ ಸವರಿ ಬೆಂಕಿಗೆ ಹಿಡಿಯುತ್ತಾರೆ. ಮಿಸೋ ಗುಳ್ಳೆ ಎದ್ದು ಅಂಚು ಸ್ವಲ್ಪ ಕರಿಯಾಗಬೇಕು. ಎಳ್ಳು ಉದುರಿಸಿ ಸಿಪ್ಪೆ ಸಮೇತ ತಂದಿಡುತ್ತಾರೆ, ಚಮಚದಲ್ಲಿ ಗೀರಿಕೊಂಡು ತಿನ್ನಬೇಕು. ಬದನೆಕಾಯಿಯ ಬೆಲೆ ಬಲ್ಲ ಊರಿನಿಂದ ಬಂದವರು ನಾವು, ಇದು ನಿಮಗೆ ಹಿಡಿಸದೇ ಇರುವುದಿಲ್ಲ. ಮಿಸೋ ಸಡಿಲ ಮಾಡಲು ಕೆಲವರು ಡಾಶಿ ಹಾಕುವುದುಂಟು, ಅದನ್ನೂ ಕೇಳಿ. ಇನ್ನು ಮಾಕಿ, ಅಂದರೆ ಕಡಲ ಪಾಚಿಯ ಹಾಳೆಯಲ್ಲಿ ಅನ್ನ ಸುತ್ತಿದ ಸುಶಿ; ಸೌತೆಕಾಯಿಯ ಕಪ್ಪಾ ಮಾಕಿ, ಹಳದಿ ಮೂಲಂಗಿ ಉಪ್ಪಿನಕಾಯಿಯ ಮಾಕಿ ಇವೆ. ಎಳೆ ಸೋಯಾ ಕಾಯಿ ಎಡಮಾಮೆ, ಕುಂಬಳದ ಟೆಂಪುರಾ ಕೂಡ ಇವೆ. ಟೆಂಪುರಾಕ್ಕೆ ಸಾಸ್ ಬದಲು ಉಪ್ಪು ಕೊಡಿ ಅನ್ನಿ. ಎಣ್ಣೆ ಮಾತ್ರ ಸೀಗಡಿ ಕರಿದದ್ದೇ ಆಗಿರಬಹುದು, ಅದು ನಿಮಗೆ ನಡೆಯುತ್ತದಾ ಇಲ್ಲವಾ ನೀವೇ ನಿರ್ಧರಿಸಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶರತ್ಕಾಲದ ಮೆನು ಅಂತ ಬರುತ್ತದೆ, ಅದರಲ್ಲಿ ಚೆಸ್ಟ್‌ನಟ್ ಹಾಕಿದ ಅನ್ನ ಸಿಕ್ಕರೆ ಬಿಡಬೇಡಿ. ಜಪಾನಿನವರಿಗೂ ಇದೇ ಹುಣ್ಣಿಮೆಗೆ ಚಂದ್ರನನ್ನು ನೋಡುವ ಹಬ್ಬವಿದೆ, ಅಕ್ಕಿ ಹಿಟ್ಟಿನ ದುಂಡನೆಯ ಡಾಂಗೊ ಪೇರಿಸಿಡುತ್ತಾರೆ. ಇಲ್ಲಿ ಎರಡೂ ಕಡೆಯವರು ಬೆರೆತು ಈಗ ಯೂಜು ಅನ್ನುವ ನಿಂಬೆ ಜಾತಿಯ ಹಣ್ಣು, ಮಾಚಾ ಅನ್ನುವ ಹಸಿರು ಚಹಾ ಪುಡಿ, ಕರಿ ಎಳ್ಳು, ಇವುಗಳ ಹೂರಣದ ಮೂನ್‌ಕೇಕ್ ಕೂಡ ಬಂದಿವೆ. ಕರಿ ಎಳ್ಳಿನದು ನನ್ನ ಮೆಚ್ಚು.

ಬಿಲ್ ನೋಡಿ ಬೆಚ್ಚಬೇಡಿ. ಮೆನುವಿನ ಬೆಲೆಯ ಪಕ್ಕದಲ್ಲಿ ಎರಡು ಪ್ಲಸ್ ಗುರುತು ಇದ್ದರೆ 10 ಶೇಕಡಾ ಸರ್ವಿಸ್ ಚಾರ್ಜ್, ಅದರ ಮೇಲೆ 9 ಶೇಕಡಾ ಜಿಎಸ್‌ಟಿ ಸೇರುತ್ತದೆ. ಒಬ್ಬರು ಕಟ್ಟಿ ಉಳಿದವರು ಫೋನಿನಿಂದಲೇ ಹಣ ಕಳಿಸುವ ಪೇನೌನಲ್ಲಿ ತಮ್ಮ ಪಾಲು ಕಳಿಸುವುದು ವಾಡಿಕೆ, ಅದೇ ರಾತ್ರಿ ಕಳಿಸಿಬಿಡಿ. ಸಾಕೆ ಅನ್ನುವ ಜಪಾನಿ ಅಕ್ಕಿಯ ಮದ್ಯ ಬೇಡ ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ, ಚಹಾ ಲೋಟ ಎತ್ತಿದರಾಯಿತು.

ಡಾಶಿ ಯೋಚನೆಯೇ ಇಲ್ಲದೆ ಒಮ್ಮೆ ನೆಮ್ಮದಿಯಾಗಿ ಉಣ್ಣಬೇಕು ಅನಿಸಿದರೆ ಮಿಡಲ್ ರೋಡ್‌ನ ಫಾರ್ಚೂನ್ ಸೆಂಟರ್‌ಗೆ ಹೋಗಿ. ಆ ಕಟ್ಟಡ ಸಸ್ಯಾಹಾರಿ ಅಂಗಡಿಗಳಿಗೇ ಹೆಸರುವಾಸಿ. ಪಕ್ಕದ ವಾಟರ್‌ಲೂ ಸ್ಟ್ರೀಟ್‌ನಲ್ಲಿ ಬೌದ್ಧರ ಕರುಣೆಯ ದೇವತೆ ಕ್ವಾನ್ ಇಮ್ ಗುಡಿ, ಅದರ ಮಗ್ಗುಲಲ್ಲೇ ನಮ್ಮ ಕೃಷ್ಣನ ಗುಡಿ. ಕ್ವಾನ್ ಇಮ್‌ಗೆ ಕೈಮುಗಿದ ಚೀನೀ ಅಜ್ಜಿಯರು ಹಾಗೇ ಬಂದು ಕೃಷ್ಣನಿಗೂ ಊದುಬತ್ತಿ ಹಚ್ಚಿ ಹೋಗುತ್ತಾರೆ. ಅವರಲ್ಲೂ ಎಷ್ಟೋ ಜನ ಚೀನೀ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಮುಟ್ಟುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಹಾಗಾಗಿ ನಿಮ್ಮ ಊಟದ ಕ್ರಮ ಇಲ್ಲಿಯವರಿಗೆ ಹೊಸದೇನಲ್ಲ, ಹೇಳಿಕೊಳ್ಳೋಕೆ ಸಂಕೋಚ ಬೇಡ.

ದೀಪಾವಳಿಗೆ ಇಲ್ಲಿ ರಜೆ ಇದೆ. ಹಿಂದಿನ ದಿನ ಲಿಟಲ್ ಇಂಡಿಯಾದ ಸೆರಂಗೂನ್ ರೋಡ್‌ನಿಂದ ಮೈಸೂರ್ ಪಾಕ್, ಚಕ್ಕುಲಿ ಒಯ್ದು ಟೀಮಿಗೆ ಹಂಚಿ, ಮೂನ್‌ಕೇಕ್ ಕೊಟ್ಟವರಿಗೆ ಮೊದಲು. ಸದ್ಯಕ್ಕೆ ನಿಮ್ಮ ಡಬ್ಬಿಯ ಪಟ್ಟಿಯ ಫೋಟೊ ತೆಗೆದು ನನಗೆ ಕಳಿಸಿ, ರೆಸ್ಟೋರೆಂಟಿನ ಮೆನು ಸಿಕ್ಕರೆ ಅದನ್ನೂ. ಯಾವುದು ತಿನ್ನಬಹುದು, ಫೋನಿನಲ್ಲಿ ಏನು ಕೇಳಬೇಕು ಅಂತ ಗುರುತು ಹಾಕಿ ಕಳಿಸುತ್ತೇನೆ.