ಹಳೇ ಕಪ್ಪಿನ ಕಥೆ ಹೇಳುವವರೇ ಡಬ್ಬಿಗೆ ಕಾಸು ಹಾಕಿದ್ದು

ಪತ್ರ: ಸಂಪಾದಕರೇ, ನಮ್ಮ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಇಲ್ಲಿಯ ರಿಚ್ಮಂಡ್ ಫೂಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ಕ್ಲಬ್ಬಿನ ಕಟ್ಟಾ ಅಭಿಮಾನಿ. ಸೋಮವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ಅವರ ಇಬ್ಬರು ಗೆಳೆಯರೂ ಸೇರಿದರೆ ಮುಗೀತು. ಕ್ಲಬ್ಬು ಕಪ್ ಗೆದ್ದ ವರ್ಷಗಳು, 1967, 1969, 1973, 1974, 1980 ಅಂತ ಮಗ್ಗಿ ಶುರು. ಆಗಿನ ಕೋಚ್ ಟಾಮ್ ಹೇಫಿ, ಆಟಗಾರರಾದ ರಾಯ್ಸ್ ಹಾರ್ಟ್, ಕೆವಿನ್ ಬಾರ್ಟ್ಲೆಟ್. ಕ್ಲಬ್ಬು ಈಚೆಗೆ ಮೂರು ಕಪ್ ಗೆದ್ದಿದೆಯಲ್ಲ, ಅದರ ಮಾತೇ ಇಲ್ಲ. ಊರಲ್ಲಿ ನಮ್ಮಪ್ಪನೂ ಹೀಗೇ, 1974ರ ರಣಜಿ ಬಿಟ್ಟು ಮುಂದೆ ಬರುವುದಿಲ್ಲ. ಹಿಂದೆ ನೋಡುತ್ತಾ ಕೂತವರಿಗೆ ಏನು ಸಿಗುತ್ತದೆ? ಇದೊಂದು ರೋಗ ಅಲ್ವಾ?
– ಒಬ್ಬ ಓದುಗರು, ಮೆಲ್ಬರ್ನ್

ಉತ್ತರ: ಈ ತಿಂಗಳು ಬಂದ ಬೇರೆ ಪತ್ರಗಳೆಲ್ಲ ಪಕ್ಕಕ್ಕೆ ಸರಿಯಲಿ. ವೀಸಾ, ಬಾಡಿಗೆ, ಮಕ್ಕಳ ಕನ್ನಡ ಶಾಲೆ, ಎಲ್ಲದಕ್ಕೂ ಮುಂದಿನ ಸಂಚಿಕೆಯಲ್ಲಿ ಜಾಗ ಇದೆ. ನಿಮ್ಮ ಪತ್ರ ಮಾತ್ರ ನನ್ನ ನಿದ್ದೆ ಕೆಡಿಸಿದೆ.

ಮೊದಲು ನಿಮ್ಮ ಪಾಲಿನ ನ್ಯಾಯ ನಿಮಗೆ ಕೊಟ್ಟುಬಿಡುತ್ತೇನೆ. ಹಳೇ ಗೆಲುವಿನ ಅಮಲು ರಿಚ್ಮಂಡಿಗೆ ಕೇಡು ಮಾಡಿದ್ದು ನಿಜ. 1980ರಲ್ಲಿ ಕಪ್ ತಂದುಕೊಟ್ಟ ಕೋಚ್ ಟೋನಿ ಜ್ಯುವೆಲ್‌ನನ್ನು ಮರುವರ್ಷವೇ ಮನೆಗೆ ಕಳಿಸಿದರು. 1982ರ ಫೈನಲ್‌ನಲ್ಲಿ ಕಾರ್ಲ್‌ಟನ್ ಎದುರು ಸೋತ ಮೇಲಂತೂ ಕೋಚ್‌ಗಳು ಬಂದರು, ಹೋದರು. ಎಲ್ಲರನ್ನೂ ಹೇಫಿಯ ಪಕ್ಕ ನಿಲ್ಲಿಸಿ ಅಳೆಯುವುದು, ಸಾಲದು ಎನ್ನುವುದು. 1987ರಲ್ಲಿ ಕಟ್ಟಕಡೆಯ ಸ್ಥಾನ, 1989ರಲ್ಲಿ ಮತ್ತೆ ಅದೇ. ದೇವರಂತೆ ಕಂಡಿದ್ದ ಬಾರ್ಟ್ಲೆಟ್‌ನನ್ನೇ 1988ರಲ್ಲಿ ಕೋಚ್ ಮಾಡಿ, 1991ರಲ್ಲಿ ಕೆಲಸದಿಂದ ತೆಗೆದರು. ಆತ ಮುನಿಸಿಕೊಂಡು ಎಷ್ಟೋ ವರ್ಷ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಸರಿ, ಇಷ್ಟು ಒಪ್ಪಿದೆ. ಆದರೆ ಅಡ್ಡಗೋಡೆ ಮೇಲೆ ದೀಪ ಇಡುವುದು ನನಗೆ ಬರುವುದಿಲ್ಲ. ನಾನು ನಿಮ್ಮ ಆಫೀಸಿನ ಆ ಹಿರಿಯರ ಪಕ್ಷ.

ಅವರು ಯಾವ ರಿಚ್ಮಂಡಿನ ಬಗ್ಗೆ ಮಾತಾಡುತ್ತಾರೆ ಗೊತ್ತಾ? ಇವತ್ತು ನೀವು ಬ್ರಿಡ್ಜ್ ರೋಡಿನಲ್ಲಿ ನೋಡುವ ಕೆಫೆಗಳ ರಿಚ್ಮಂಡ್ ಅಲ್ಲ. ರೊಸೆಲ್ಲಾ ಸಾಸ್ ಫ್ಯಾಕ್ಟರಿ, ಪೆಲಾಕೋ ಶರ್ಟ್ ಫ್ಯಾಕ್ಟರಿ, ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣದ ಫ್ಯಾಕ್ಟರಿ, ಅವುಗಳ ಸುತ್ತ ಒಂದಕ್ಕೊಂದು ಅಂಟಿಕೊಂಡ ಸಣ್ಣ ಮನೆಗಳು. ಕೂಲಿಯವರ ಬಡಾವಣೆ. ಅವರ ಹೀರೋ ಜ್ಯಾಕ್ ಡೈಯರ್, ‘ಕ್ಯಾಪ್ಟನ್ ಬ್ಲಡ್’ ಅಂತ ಹೆಸರು ಪಡೆದವನು, ಹೊಟ್ಟೆಪಾಡಿಗೆ ಪೊಲೀಸ್ ಕೆಲಸ ಮಾಡಿದವನು. 1943ರಲ್ಲಿ ಕಪ್ ಗೆದ್ದ ಮೇಲೆ 24 ವರ್ಷ ಏನೂ ಇಲ್ಲ. 1960ರಲ್ಲಿ ಟೇಬಲ್ಲಿನ ತಳಕ್ಕೆ ಬಿದ್ದಿದ್ದರು.

ಆಮೇಲೆ ಬಂದವರು ಟಾಮ್ ಹೇಫಿ. ಆಟಗಾರನಾಗಿ ದೊಡ್ಡ ಹೆಸರೇನಲ್ಲ. ರಿಚ್ಮಂಡಿಗೆ 67 ಮ್ಯಾಚ್ ಆಡಿದ್ದರು, ಅಷ್ಟೇ. ಕೋಚ್ ಆಗಿ ಹಳ್ಳಿ ಕಡೆಯ ಶೆಪರ್ಟನ್ ತಂಡಕ್ಕೆ ಸತತ ಮೂರು ವರ್ಷ ಕಪ್ ಗೆಲ್ಲಿಸಿ 1966ರಲ್ಲಿ ರಿಚ್ಮಂಡಿನ ಮೈದಾನವಿರುವ ಪಂಟ್ ರೋಡಿಗೆ ವಾಪಸ್ ಬಂದರು. ಕುಡಿತ ಇಲ್ಲ, ಸಿಗರೇಟ್ ಇಲ್ಲ. ಬೆಳಗಾದರೆ ಓಟ, ದಂಡ. ಮೈಗಂಟಿದ ಟೀ ಶರ್ಟು. ಕ್ಲಬ್ಬಿನ ಕಾರ್ಯದರ್ಶಿಯ ಹೆಸರು ಗ್ರೇಮ್ ರಿಚ್ಮಂಡ್. ಹೌದು, ಮನುಷ್ಯನ ಸರ್‌ನೇಮೇ ರಿಚ್ಮಂಡ್! ಆತ ಟಾಸ್ಮೇನಿಯಾದಿಂದ ರಾಯ್ಸ್ ಹಾರ್ಟ್ ಎಂಬ ಹುಡುಗನನ್ನು ಕರೆತಂದ. ಬೆಲೆ ಎಷ್ಟು ಅಂದುಕೊಂಡಿರಿ? ಒಂದು ಸೂಟು, ಆರು ಶರ್ಟು.

ಆ ಹುಡುಗನಿಗೆ 19 ವರ್ಷ, ಅದೇ ಮೊದಲ ಸೀಸನ್ನು. 1967ರ ಗ್ರ್ಯಾಂಡ್ ಫೈನಲ್, ಎದುರಿಗೆ ಜೀಲಾಂಗ್. ಕೊನೆಯ ಕ್ವಾರ್ಟರ್‌ನಲ್ಲಿ ಜೀಲಾಂಗಿನ ಪೀಟರ್ ವಾಕರ್ ಮೇಲೇರಿ ಹಾರ್ಟ್ ಒಂದು ಮಾರ್ಕ್ ಹಿಡಿದ, ಅಂದರೆ ಒದ್ದ ಚೆಂಡನ್ನು ಗಾಳಿಯಲ್ಲೇ ಕ್ಯಾಚ್ ಹಿಡಿದ. ನಿಮ್ಮ ಹಿರಿಯರು ಕಾಫಿ ಕಪ್ ಕೆಳಗಿಟ್ಟು ಎರಡೂ ಕೈ ಮೇಲಕ್ಕೆತ್ತುತ್ತಾರಾ? ಎತ್ತಿದರೆ ಅದೇ ಮಾರ್ಕು. ರಿಚ್ಮಂಡ್ 9 ಪಾಯಿಂಟಿನಿಂದ ಗೆದ್ದಿತು.

ಇನ್ನು 1980. ಎಂಸಿಜಿಯಲ್ಲಿ (ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್) 1,13,461 ಜನ. ಕಾಲಿಂಗ್‌ವುಡ್ ವಿರುದ್ಧ 81 ಪಾಯಿಂಟ್ ಅಂತರದ ಗೆಲುವು, ಫೈನಲ್‌ಗಳಲ್ಲಿ ಆಗ ಅದೇ ದಾಖಲೆ. ಬಾರ್ಟ್ಲೆಟ್‌ಗೆ 33 ವರ್ಷ, ನೆತ್ತಿಯ ಮೇಲೆ ಉಳಿದ ನಾಲ್ಕು ಕೂದಲು ಗಾಳಿಗೆ ಹಾರುತ್ತಿದ್ದವು. ಚೆಂಡು ಸಿಕ್ಕರೆ ಇನ್ನೊಬ್ಬರಿಗೆ ಕೊಡದೆ ತಾನೇ ಒದೆಯುತ್ತಾನೆ ಅಂತ ‘ಹಂಗ್ರಿ’ ಎಂಬ ಅಡ್ಡಹೆಸರು. ಅವತ್ತು ಏಳು ಗೋಲ್ ಹೊಡೆದ, ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಮೆಡಲ್ ಪಡೆದ. ಸ್ಕೋರ್ ಬೋರ್ಡ್ ಹೇಳುವುದು ಇಷ್ಟೇ. ಅದು ಹೇಳದ ಸಂಗತಿ ಬೇರೆ ಇದೆ. ಅವತ್ತು ಕಾಲಿಂಗ್‌ವುಡ್‌ನ ಕೋಚ್ ಯಾರು? ಟಾಮ್ ಹೇಫಿ! 1976ರಲ್ಲಿ ರಿಚ್ಮಂಡ್ ಬಿಟ್ಟು ಎದುರಾಳಿಯ ಮನೆ ಸೇರಿದ್ದರು. ಬಾರ್ಟ್ಲೆಟ್‌ಗೆ ಹೇಫಿ ಗುರು, ಕೊನೇತನಕ ಹಾಗೇ ಉಳಿದವರು. ಆ ಏಳು ಗೋಲೂ ಗುರುವಿನ ಹೊಟ್ಟೆ ಮೇಲೆ ಬಿದ್ದವು. ಇಂಥದ್ದನ್ನು ಕಂಡವನು ಸುಮ್ನೆ ಇರಬೇಕು ಅಂತೀರಾ?

ನೀವು ಇನ್ನೊಂದು ಪಾಯಿಂಟ್ ಮರೆತಿದ್ದೀರಿ. ಮೆಲ್ಬರ್ನಿನಲ್ಲಿ ಗ್ರ್ಯಾಂಡ್ ಫೈನಲ್ ಟೀವಿಯಲ್ಲಿ ಮೊದಲ ಸಲ ನೇರವಾಗಿ ಬಂದದ್ದು 1977ರಲ್ಲಿ. ಅಂದರೆ ಹೇಫಿಯ ನಾಲ್ಕೂ ಕಪ್ಪು ಆ ಹೊತ್ತಿಗೆ ಮೈದಾನದಲ್ಲಿ ನಿಂತವರ ಕಣ್ಣಿಗೆ, ಮನೆಯಲ್ಲಿ ರೇಡಿಯೋಕ್ಕೆ ಕಿವಿಕೊಟ್ಟವರಿಗೆ ಮಾತ್ರ. ಬಾಯಲ್ಲಿ ಹೇಳಿಯೇ ಉಳಿಸಬೇಕಿತ್ತು. ಈಚಿನ ಕಪ್ಪುಗಳಲ್ಲಿ 2017ರದ್ದನ್ನು ಅವರು ಯಾಕೆ ಹೇಳಬೇಕು? ಡಸ್ಟಿನ್ ಮಾರ್ಟಿನ್ ಹೊಡೆದ ಪ್ರತಿ ಗೋಲೂ ನಿಮ್ಮ ಫೋನಿನಲ್ಲೇ ಇದೆ. 2020ರ ಕಪ್ಪನ್ನಂತೂ ಪಾಪ, ಅವರು ನೋಡಿದ್ದೇ ಸೋಫಾದ ಮೇಲೆ. ಕೋವಿಡ್ ಕಾಲ, ಮೆಲ್ಬರ್ನಿಗೆ ಬೀಗ, ಫೈನಲ್ ಬ್ರಿಸ್ಬೇನಿನ ಗ್ಯಾಬಾದಲ್ಲಿ. ಪಕ್ಕದವನ ಹೆಗಲು ಹಿಡಿದು ಕುಣಿಯದ ಗೆಲುವಿನ ಬಗ್ಗೆ ಎಷ್ಟು ಅಂತ ಮಾತಾಡುವುದು?

ಈಗ ‘ಏನು ಸಿಗುತ್ತದೆ’ ಎಂದಿರಲ್ಲ, ಅದಕ್ಕೆ ಬರುತ್ತೇನೆ. 1990ರಲ್ಲಿ ನಾನು ಈ ಊರಿಗೆ ಹೊಸಬ. ರಿಚ್ಮಂಡ್ ಸ್ಟೇಷನ್ನಿನ ಹೊರಗೆ ವಯಸ್ಸಾದ ಹೆಂಗಸೊಬ್ಬರು ಹಳದಿ-ಕಪ್ಪು ಸ್ಕಾರ್ಫ್ ಸುತ್ತಿಕೊಂಡು ಡಬ್ಬಿ ಕುಲುಕುತ್ತಾ ನಿಂತಿದ್ದರು. ಮೈಲೋ ಡಬ್ಬಿ. ಮುಚ್ಚಳದಲ್ಲಿ ಚಾಕುವಿನಿಂದ ಸೀಳಿದ ತೂತು, ಅಂಚು ಕೈಗೆ ತಾಗದಿರಲಿ ಅಂತ ಟೇಪು. ಯಾವ ಅನಾಥಾಶ್ರಮಕ್ಕೆ ಅಂತ ಕೇಳಿದೆ. ‘ಟೈಗರ್ಸ್‌ಗೆ’ ಅಂದರು, ಅಂದರೆ ರಿಚ್ಮಂಡಿಗೆ. ಫುಟ್‌ಬಾಲ್ ಕ್ಲಬ್ಬಿಗೆ ಭಿಕ್ಷೆಯಾ ಅಂತ ನಾನು ಬಾಯಿ ಬಿಟ್ಟು ನೋಡಿದೆ. ಕ್ಲಬ್ಬು ಸಾಲದಲ್ಲಿ ಮುಳುಗಿತ್ತು. ಅಕ್ಟೋಬರ್ 31ರೊಳಗೆ 10 ಲಕ್ಷ ಡಾಲರ್ ಹೊಂದಿಸದಿದ್ದರೆ ಬಾಗಿಲು ಹಾಕಬೇಕಿತ್ತು. ‘ಸೇವ್ ಅವರ್ ಸ್ಕಿನ್ಸ್’, ಅಂದರೆ ನಮ್ಮ ಚರ್ಮ ಉಳಿಸಿ, ಎಂದು ಅಭಿಯಾನಕ್ಕೆ ಹೆಸರು. ಆ ಅಮ್ಮ ನನಗೆ ಮುಂದಿನ ವರ್ಷ ಗೆಲ್ಲುತ್ತೇವೆ ಎನ್ನಲಿಲ್ಲ. ತಂಡದಲ್ಲಿ ಒಳ್ಳೇ ಹುಡುಗರಿದ್ದಾರೆ ಎನ್ನಲಿಲ್ಲ. ಹಾರ್ಟ್‌ನ ಮಾರ್ಕಿನ ಕಥೆ ಹೇಳಿದರು, ರೈಲು ತಪ್ಪುವ ತನಕ. ನಾನು ಎರಡು ಡಾಲರ್ ಹಾಕಿದೆ. ದುಡ್ಡು ಹುಟ್ಟಿತು, ಕ್ಲಬ್ಬು ಉಳಿಯಿತು.

ಆ ಹೊತ್ತಿನಲ್ಲಿ ಕ್ಲಬ್ಬಿನ ಹತ್ತಿರ ಮಾರಲು ಇದ್ದದ್ದಾದರೂ ಏನು ಹೇಳಿ? ಗೆಲುವಿಲ್ಲ, ಸ್ಟಾರ್ ಇಲ್ಲ, ಬ್ಯಾಂಕಿನಲ್ಲಿ ಕಾಸಿಲ್ಲ. ಇದ್ದದ್ದು 1967ರಿಂದ 1980ರ ತನಕದ ನೆನಪು ಮಾತ್ರ. ನೀವು ರೋಗ ಎನ್ನುವುದೇ ಅವತ್ತು ಅನ್ನ ಹಾಕಿತು. ಅಲ್ಲಿಂದ 2017ಕ್ಕೆ ಇನ್ನೂ 27 ವರ್ಷ. 1980ರಿಂದ ಎಣಿಸಿದರೆ 37. ಈ ನಡುವೆ ಒಂಬತ್ತನೇ ಸ್ಥಾನಕ್ಕೆ ಬಂದು ಫೈನಲ್ಸ್ ತಪ್ಪಿಸಿಕೊಳ್ಳುವುದು ರಿಚ್ಮಂಡಿನ ಹಣೆಬರಹ ಅಂತ ಊರೆಲ್ಲ ನಗುತ್ತಿತ್ತು. ಸಿಟ್ಟಿನಲ್ಲಿ ಮೆಂಬರ್‌ಶಿಪ್ ಕಾರ್ಡನ್ನು ಮೈಕ್ರೋವೇವ್‌ನಲ್ಲಿಟ್ಟು ಸುಟ್ಟವನೂ ಇದ್ದಾನೆ. ಆದರೂ ಜನ ಪ್ರತಿ ವರ್ಷ ಕಾರ್ಡು ಮಾಡಿಸಿದರು. 2017ರ ಕಪ್ಪಿನ ಹಿಂದೆ ನೀಲ್ ಬಾಮ್ ಎಂಬ ಫುಟ್‌ಬಾಲ್ ಮ್ಯಾನೇಜರ್ ಇದ್ದರು, ಹಿಂದಿನ ವರ್ಷದ ಕೊನೆಗಷ್ಟೇ ಬಂದಿದ್ದವರು. ಯಾರು ಅವರು? 1973, 1974ರ ಕಪ್ ಗೆದ್ದ ತಂಡದ ಆಟಗಾರ. ಹೇಫಿ ಮಾತ್ರ ಅದನ್ನು ನೋಡಲಿಲ್ಲ, 2014ರಲ್ಲೇ ಹೋಗಿಬಿಟ್ಟರು.

ನೆನಪಿದ್ದರೂ ಬದುಕದ ಕ್ಲಬ್ಬುಗಳಿವೆ, ಅದೂ ಗೊತ್ತು. ಫಿಟ್ಜ್‌ರಾಯ್ ನೋಡಿ. ಎಂಟು ಕಪ್ ಗೆದ್ದ ಮನೆತನ. ಸಾಲ ಕೊಟ್ಟವರು ಕುತ್ತಿಗೆ ಹಿಡಿದರು, 1996ರಲ್ಲಿ ಬ್ರಿಸ್ಬೇನ್ ಬೇರ್ಸ್ ಜೊತೆ ಗಂಟು ಹಾಕಿದರು. ಮೆಲ್ಬರ್ನಿನಲ್ಲಿ ಅವರ ಕೊನೆಯ ಮ್ಯಾಚು ಇದೇ ರಿಚ್ಮಂಡ್ ಎದುರು, 151 ಪಾಯಿಂಟಿನ ಸೋಲು. ಗೆದ್ದವರ ಕಡೆಯಲ್ಲೂ ಕಣ್ಣೊರೆಸಿಕೊಂಡವರಿದ್ದರು. ಆರು ವರ್ಷದ ಹಿಂದೆ ತಾವೇ ಡಬ್ಬಿ ಹಿಡಿದಿದ್ದವರಲ್ಲವೇ?

ಮಾತು ಎಲ್ಲಿಗೋ ಹೊರಟಿತು, ಹೋಗಲಿ. ನನ್ನ ಸಿಟ್ಟು ನಿಮ್ಮ ಮೇಲಲ್ಲ. ಈ ಆಟ ನಡೆಸುವವರ ಮೇಲೆ. ಒಂದು ಕಾಲಕ್ಕೆ ಬಡಾವಣೆಗೊಂದು ಮೈದಾನ, ಶನಿವಾರ ಮಧ್ಯಾಹ್ನ ಆಟ, ನಡೆದುಕೊಂಡು ಹೋಗಿ ನಡೆದುಕೊಂಡು ಬರುವುದು. ಎಸೆಂಡನ್‌ನವರ ವಿಂಡಿ ಹಿಲ್‌ನಲ್ಲಿ ದೊಡ್ಡ ಮ್ಯಾಚ್ 1991ಕ್ಕೆ ನಿಂತಿತು. ಕಾಲಿಂಗ್‌ವುಡ್‌ನ ವಿಕ್ಟೋರಿಯಾ ಪಾರ್ಕ್‌ನಲ್ಲಿ 1999ಕ್ಕೆ, ಕಾರ್ಲ್‌ಟನ್‌ನ ಪ್ರಿನ್ಸಸ್ ಪಾರ್ಕ್‌ನಲ್ಲಿ 2005ಕ್ಕೆ. ಈಗ ಆಟದ ಹೊತ್ತು ಟೀವಿಯವರು ಹೇಳಿದ್ದು. ಗುರುವಾರ ರಾತ್ರಿ ಮ್ಯಾಚ್ ಇಟ್ಟರೆ ಬೆಳಿಗ್ಗೆ ಶಿಫ್ಟ್ ಇರುವವನು ಮೊಮ್ಮಗನನ್ನು ಕರೆದುಕೊಂಡು ಹೋಗುವುದು ಹೇಗೆ? ಮನೆಯಲ್ಲಿ ಕೂತು ನೋಡಿದರೆ ಗಳಿಗೆಗೊಮ್ಮೆ ಬಾಜಿ ಕಟ್ಟಿ ಬಾಜಿ ಕಟ್ಟಿ ಅಂತ ಜಾಹೀರಾತು. ಹಳೇ ಕಾಲದ ವೈಭವವನ್ನು ಹಳೇ ಡಿಸೈನಿನ ಜೆರ್ಸಿ ಮಾಡಿ ದುಬಾರಿ ಬೆಲೆಗೆ ಮಾರುವುದಕ್ಕೆ ಯಾರ ತಕರಾರೂ ಇಲ್ಲ. ಅದನ್ನೇ ಮುದುಕನೊಬ್ಬ ಕಾಫಿ ಕುಡಿಯುತ್ತಾ ಪುಕ್ಕಟೆ ಹೇಳಿದರೆ ಮಾತ್ರ ನಮಗೆ ತಲೆನೋವು!

ನಿಮ್ಮ ತಂದೆಯ ವಿಷಯಕ್ಕೂ ಒಂದು ಮಾತು, ಬೇಜಾರಾಗಬೇಡಿ. ಬೊಂಬಾಯಿ ಸತತ 15 ವರ್ಷ ರಣಜಿ ಗೆದ್ದು ಕೂತಿತ್ತು. ಅವರನ್ನು ನಮ್ಮ ಕರ್ನಾಟಕ ಬೆಂಗಳೂರಿನಲ್ಲಿ ಮಣಿಸಿದ್ದು 1974ರ ಆ ಸೆಮಿಫೈನಲ್‌ನಲ್ಲಿ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಪ್ರಸನ್ನ ಎಸೆತಕ್ಕೆ ಗವಾಸ್ಕರ್ ಬೌಲ್ಡ್. ವಾಡೇಕರ್ ಕಾಲು ಜಾರಿ ರನ್ ಔಟ್. ನಿಮ್ಮ ತಂದೆ ಅವತ್ತು ಸ್ಟೇಡಿಯಂನಲ್ಲಿದ್ದರಾ, ಇಲ್ಲ ರೇಡಿಯೋ ಕಿವಿಗೊತ್ತಿಕೊಂಡಿದ್ದರಾ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. ಕೇಳಿಲ್ಲ ಅಂತ ಕಾಣುತ್ತದೆ. ನಮ್ಮವರ ಜೊತೆ ನನ್ನ ಜಗಳವೂ ಇದೇ. ಹತ್ತಾರು ವರ್ಷ ಈ ಊರಲ್ಲಿದ್ದು, ಮನೆ ಕೊಂಡು, ಪಂಟ್ ರೋಡಿನಲ್ಲಿ ದಿನಾ ಟ್ರಾಫಿಕ್ಕಿನಲ್ಲಿ ನಿಂತು, ಪಕ್ಕದ ಆ ಮೈದಾನದಲ್ಲಿ ಯಾರು ಆಡಿದ್ದರು ಅಂತ ಕೇಳುವುದಿಲ್ಲ. ಆಮೇಲೆ ಇಲ್ಲಿಯವರು ನಮ್ಮ ಜೊತೆ ಬೆರೆಯುವುದಿಲ್ಲ ಅಂತ ಗೊಣಗುತ್ತೇವೆ. ಪತ್ರ ಬರೆಯುವಷ್ಟು ತಲೆ ಕೆಡಿಸಿಕೊಂಡಿರಿ, ಅದಕ್ಕೇ ನೀವು ನನಗೆ ಇಷ್ಟವಾದಿರಿ.

ಒಂದು ಕೆಲಸ ಮಾಡಿ. ಬರುವ ಸೋಮವಾರ ನಿಮ್ಮ ಹಿರಿಯರನ್ನು 1972ರ ಬಗ್ಗೆ ಕೇಳಿ. ಕಪ್ ಗೆದ್ದ ವರ್ಷ ಅಲ್ಲ ಅದು. ಗ್ರ್ಯಾಂಡ್ ಫೈನಲ್‌ನಲ್ಲಿ ರಿಚ್ಮಂಡ್ 150 ಪಾಯಿಂಟ್ ಹೊಡೆದೂ ಸೋತಿತು, ಕಾರ್ಲ್‌ಟನ್ 177 ಹೊಡೆದಿತ್ತು. ಯಾರೂ ಅವರನ್ನು ಇದರ ಬಗ್ಗೆ ಕೇಳಿರಲಾರರು. ಬೇಗ ಮುಗಿಯುವ ಕಥೆಯಲ್ಲ, ಹತ್ತು ಗಂಟೆಯ ಮೀಟಿಂಗ್ ಮುಂದೆ ಹಾಕಿಸಿಕೊಂಡು ಕೂರಿ. ಅವರು ಹೇಳಿದ್ದನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗೇ.

– ಸಂಪಾದಕ